ನಕ್ಷೆಯೊಳಗಿನ ಮನುಷ್ಯ

ಕಟ್ಟಡದ ನಕ್ಷೆಯಲ್ಲಿ ಬಾಗಿಲ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ವಾಸ್ತುಶಿಲ್ಪಿಗಳ ರೂಢಿ. ಬಾಗಿಲು ಎಷ್ಟೆತ್ತರ ಎಂಬುದು ನೋಡಿದವರಿಗೆ ತಟ್ಟನೆ ತಿಳಿಯಬೇಕಲ್ಲ, ಅದಕ್ಕೆ. ಇವಳು ವಾಸ್ತುಶಿಲ್ಪದ ಓದು ಮುಗಿಸಿ ಪರದೇಶದ ದೊಡ್ಡ ಕಂಪನಿ ಸೇರಿದಾಗ ಮೊದಲು ಕೊಟ್ಟದ್ದೇ ಆ ಕೆಲಸ. ಅಷ್ಟೆಲ್ಲ ಓದಿ ಗೊಂಬೆ ಬರೆಯುವುದೇ ಎಂದು ಮನೆಯವರು ಗೇಲಿ ಮಾಡಿದರು. ಇವಳು ತಲೆಗೆ ಹಚ್ಚಿಕೊಳ್ಳಲಿಲ್ಲ. ಉಳಿದವರು ಕಂಪ್ಯೂಟರಿನ ಸಿದ್ಧ ಗೊಂಬೆ ಅಂಟಿಸಿ ಕೈತೊಳೆದುಕೊಂಡರೆ, ಇವಳು ಕೈಯಲ್ಲೇ ಬರೆಯುತ್ತಿದ್ದಳು. ದೊಗಳೆ ಅಂಗಿಯ ಗಂಡಸು, ಕೈ ಹಿಂದೆ ಕಟ್ಟಿದ್ದಾನೆ, ನಮಗೆ ಬೆನ್ನು. ಮುಖ ಬರೆಯಲು ಸೋಮಾರಿತನ, ಅಷ್ಟೇ.

ಹಾಗೆ ಬರೆದ ಆಸ್ಪತ್ರೆಯೊಂದು ಕಟ್ಟಿ ಮುಗಿದಾಗ ನೋಡಲು ಹೋದಳು. ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ, ಇವಳು ಬರೆದ ಜಾಗದಲ್ಲೇ, ದೊಗಳೆ ಅಂಗಿಯವನೊಬ್ಬ ಕೈ ಹಿಂದೆ ಕಟ್ಟಿ ನಿಂತಿದ್ದ. ನಕ್ಕು ಬಂದಳು, ಬೇರೆ ಯಾರಾಗಿದ್ದರೂ ನಗುತ್ತಿದ್ದರು. ಮುಂದೆ ಇನ್ನೊಂದು ದೇಶ, ಇನ್ನೂ ದೊಡ್ಡ ಕಂಪನಿ, ಒಂದು ಗ್ರಂಥಾಲಯ. ಅಲ್ಲೂ ಅವನೇ, ಕಪಾಟುಗಳ ನಡುವೆ. ಆದರೆ ಈ ಸಲ ಅವನ ಕಿವಿ ಕಾಣುತ್ತಿತ್ತು. ಮೂರನೆಯ ದೇಶದ ರೈಲು ನಿಲ್ದಾಣದಲ್ಲಿ ಕೆನ್ನೆಯೂ ಕಂಡಿತು. ನಕ್ಷೆ ತೆಗೆದು ನೋಡಿದರೆ ಅಲ್ಲಿ ಬರೀ ಬೆನ್ನು. ಅವನು ಸ್ವಲ್ಪಸ್ವಲ್ಪವೇ ಇತ್ತ ತಿರುಗುತ್ತಿದ್ದ. ಕೈತುಂಬ ಸಂಬಳದ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಊರಿಗೆ ಬಂದುಬಿಟ್ಟಳು.

ಸ್ವಂತ ಕಚೇರಿ ತೆರೆದಳು. ಒಂದು ಕೋಣೆ, ಒಂದು ಮೇಜು, ಗೋಡೆಗೊರಗಿಸಿದ ಟೈಲ್ಸಿನ ತುಂಡುಗಳು. ಪರದೇಶದ ಅನುಭವ ಎಂದು ಬೋರ್ಡಿನಲ್ಲಿ ಬರೆಸಿದ್ದರೆ ಗಿರಾಕಿಗಳು ಮುಗಿಬೀಳುತ್ತಿದ್ದರು, ಬರೆಸಲಿಲ್ಲ. ನಕ್ಷೆಯಲ್ಲಿ ಜನರನ್ನು ನಿಲ್ಲಿಸುವುದನ್ನೂ ಬಿಟ್ಟಳು. ಮೊದಲ ಕೆಲಸ ತಮ್ಮನ ಮನೆ. ತಮ್ಮ, ಅವನ ಹೆಂಡತಿ, ಇನ್ನೂ ಅಂಬೆಗಾಲಿಡದ ಮಗು. ಆ ಮನುಷ್ಯ ಈ ಮನೆಗೆ ಮಾತ್ರ ಕಾಲಿಡಬಾರದು, ಇವಳಿಗೆ ಬೇಕಿದ್ದದ್ದು ಇಷ್ಟೇ.

ಆದರೆ ತಮ್ಮನ ಹೆಂಡತಿಗೆ ಖಾಲಿ ನಕ್ಷೆಯ ತಲೆಬುಡ ತಿಳಿಯಲಿಲ್ಲ. ಮೆಟ್ಟಿಲು ಇಕ್ಕಟ್ಟಾದೀತು, ತಾರಸಿ ತಲೆಗೆ ತಾಗೀತು ಎಂದು ದಿನಾ ತಕರಾರು.

"ಯಾರನ್ನಾದ್ರೂ ನಿಲ್ಸಿ ತೋರ್ಸಿ ಅಕ್ಕ, ಆಗ ಗೊತ್ತಾಗತ್ತೆ."

ಏನೇನೋ ನೆಪ ಹೇಳಿ ಜಾರಿಕೊಂಡಳು. ಕೊನೆಗೊಂದು ಉಪಾಯ ಹೊಳೆಯಿತು. ಯಾರಾದರೂ ನಿಲ್ಲಲೇಬೇಕಾದರೆ ತಾನೇ ನಿಂತರಾಯಿತು. ಮೆಟ್ಟಿಲ ಬುಡದಲ್ಲಿ ತನ್ನನ್ನೇ ಬರೆದಳು, ಜಡೆ, ಕನ್ನಡಕ ಸಮೇತ, ಮುಖವೂ ಸ್ಪಷ್ಟವಾಗಿ. ಪಾಪ, ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಳು.

ಮನೆ ಎದ್ದಿತು. ಅವರು ಬಂದು ನೆಲೆಸಿದ ಮೇಲೆ ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಫೋನ್ ಮಾಡಿದಳು. ದನಿಯಲ್ಲಿ ಸಣ್ಣ ಮುನಿಸು. ಬೆಳಿಗ್ಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತವರು, ಕರೆದರೂ ಮಾತಾಡದೆ ಹೋಗಿಬಿಟ್ಟಿರಲ್ಲ ಎಂದಳು. ಇವಳು ಬೆಳಿಗ್ಗೆಯಿಂದ ಕಚೇರಿ ಬಿಟ್ಟು ಕದಲಿರಲಿಲ್ಲ. ಆದರೂ ಒಳಗೊಳಗೇ ಜೀವ ಹಗುರಾಯಿತು. ಬಂದದ್ದು ತನ್ನದೇ ರೂಪ ತಾನೇ, ಅವನಲ್ಲವಲ್ಲ.

"ಅದಿರ್ಲಿ, ನಿಮ್ಮ ಜೊತೆ ಬಂದ ದೊಗಳೆ ಅಂಗಿಯವರು ಯಾರಕ್ಕ? ನೀವು ಹೋದ್ರೂ ಅವರು ಹೋಗ್ಲಿಲ್ಲ. ಒಳ್ಳೆಯವರು ಕಾಣತ್ತೆ, ಆಗ್ಲಿಂದ ಮಗೂನ ಎತ್ಕೊಂಡು ಕೂತಿದ್ದಾರೆ."