ಉಳಿದದ್ದು ಜನ ಬಂದ ಮೇಲೆ

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ಹಿರಿಯರೊಬ್ಬರು ಪ್ರಾಂಪ್ಟರ್ ಆಗಿದ್ದರು. ಸೈಡ್‌ವಿಂಗಿನ ಮರೆಯಲ್ಲಿ ಕೂತು, ಮಫ್ಲರ್ ಸುತ್ತಿದ ಕತ್ತು ಚಾಚಿ, ನಾವು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡುತ್ತಿದ್ದರು. ನಾಟಕದ ಕೊನೆಯ ಮಾತನ್ನು ಮಾತ್ರ ರಿಹರ್ಸಲ್‌ನಲ್ಲಿ ಯಾರಿಗೂ ಆಡಗೊಡುತ್ತಿರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ನಾಟಕ ಮುಗಿಸಬಾರದು ಎಂಬುದು ಅವರ ಶಾಸ್ತ್ರ. ಆ ಜಾಗ ಬಂದೊಡನೆ ಪುಸ್ತಕ ಮುಚ್ಚಿ, "ಉಳಿದದ್ದು ಜನ ಬಂದ್ಮೇಲೆ" ಎನ್ನುತ್ತಿದ್ದರು. ಬೆಲ್‌ಬಾಟಮ್ ಹಾಕಿಕೊಂಡು ಮೆರೆಯುತ್ತಿದ್ದ ನಮಗೆ ಅದೊಂದು ತಮಾಷೆ.

ಒಂದು ಶನಿವಾರ ಸಂಜೆ ಕೊನೆಯ ರಿಹರ್ಸಲ್. ಮರುದಿನದ ಪ್ರದರ್ಶನಕ್ಕೆ ಗೇಟಿಗೆ ಬೋರ್ಡು ಕಟ್ಟಿಯಾಗಿತ್ತು. ಕೊನೆಯ ಮಾತು ನನ್ನದು. ಅಭ್ಯಾಸದಂತೆ ಅದಕ್ಕೆ ಮುಂಚೆ ನಿಲ್ಲಿಸಿದೆ. ಪುಸ್ತಕ ಮುಚ್ಚಿದ ಸದ್ದು ಬರಲಿಲ್ಲ. ಆ ಮಾತನ್ನೇ ಅವರು ಪಿಸುಗುಟ್ಟಿದರು.

"ಸಾರ್, ಅದು ಜನ ಬಂದ್ಮೇಲಲ್ವಾ?"

ಅವರು ಕತ್ತು ಚಾಚಿ ಖಾಲಿ ಕುರ್ಚಿಗಳನ್ನೊಮ್ಮೆ ನೋಡಿದರು. "ಹೇಳಿ ಮುಗ್ಸಪ್ಪ, ಆಗ್ಲಿಂದ ಕಾಯ್ತಿದಾರೆ."

ಹೇಳಿ ಮುಗಿಸಿದೆ. ಹೊರಡುವಾಗ ನಾವ್ಯಾರೂ ಕುರ್ಚಿಗಳ ನಡುವೆ ಹಾಯಲಿಲ್ಲ, ಗೋಡೆಗೆ ಒತ್ತಿಕೊಂಡೇ ಬಾಗಿಲು ಸೇರಿದೆವು. ಅವರು ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತೇ ಇದ್ದರು.

"ಲೈಟ್ ಆರ್ಸಿ ಸಾರ್, ಹೋಗೋಣ."

"ಇರಪ್ಪ," ಅಂದರು, "ಎಲ್ಲಾರೂ ಎದ್ದು ಹೋಗ್ಲಿ."