ಕಾರು ಬಂದ ಮೇಲೆ ಹಾಸನೂರು ದೂರವಾಯಿತು

ನಮ್ಮ ಮನೆಗೆ ಕಾರು ಬಂದಾಗ ಅದಕ್ಕೆ ನನಗಿಂತ ದೊಡ್ಡ ಆರತಿ ಆಯಿತು. ನಾನು ಸೊಸೆಯಾಗಿ ದೊಡ್ಡಗಾಜನೂರಿಗೆ ಬಂದ ದಿನ ಹೊಸ್ತಿಲಲ್ಲಿ ಒಂದು ತಟ್ಟೆ ಬೆಳಗಿ ಒಳಗೆ ಕರೆದುಕೊಂಡಿದ್ದರು. ಕಾರಿಗಾದರೋ ಬಾಳೆಕಂದು, ಬೂದುಗುಂಬಳ, ಚೆಂಡುಹೂವಿನ ಹಾರ, ಹಣೆಯ ತುಂಬ ವಿಭೂತಿ. ನಮ್ಮ ಯಜಮಾನರು ಅದರ ಸುತ್ತ ಪ್ರದಕ್ಷಿಣೆ ಬಂದು, ಬಾಗಿಲಲ್ಲಿ ನಿಂತಿದ್ದ ತಮ್ಮ ತಾಯಿಗೆ ವರ ಕೊಟ್ಟರು.

"ಅವ್ವಾ, ಇನ್ಮೇಲೆ ನೀನು ಬಸ್ಸು ಕಾಯಂಗಿಲ್ಲ. ಆಸ್ನೂರ್ಗೆ ಯಾವಾಗಂದ್ರೆ ಅವಾಗ ನಾನೇ ಕರ್ಕೊಂಡೋಯ್ತೀನಿ."

ಹಾಸನೂರಿನಲ್ಲಿ ಅತ್ತೆಯ ತಂಗಿ ಇದ್ದಾರೆ. ಅಕ್ಕತಂಗಿಯರಿಬ್ಬರೂ ಇಳಿವಯಸ್ಸಿನವರು. ಅತ್ತೆ ತಿಂಗಳಿಗೊಂದು ಸಲವಾದರೂ ಊರ ಬಸ್ಸಿನಲ್ಲಿ ತಾಳವಾಡಿಗೆ ಹೋಗಿ, ಅಲ್ಲಿ ಸತ್ಯಮಂಗಲದ ಬಸ್ಸು ಹತ್ತಿ, ಕಾಡಿನ ದಾರಿಯಲ್ಲಿ ಹಾಸನೂರು ಸೇರಿ ತಂಗಿಯ ಮನೆಯಲ್ಲಿ ಉಂಡು ಸಂಜೆಗೆ ವಾಪಸಾಗುತ್ತಿದ್ದರು. ದಾರಿಯುದ್ದಕ್ಕೂ ಬಸ್ಸಿನವರ ಮನೆವಾರ್ತೆಯೆಲ್ಲ ವಿಚಾರಿಸಿಕೊಂಡು ಬಂದು, ರಾತ್ರಿ ಊಟಕ್ಕೆ ಕೂತಾಗ ನನಗೆ ಒಪ್ಪಿಸುತ್ತಿದ್ದರು. ಪೇಪರು ತರಿಸುವ ಖರ್ಚು ನಮಗಿರಲಿಲ್ಲ.

ಕಾರಿನಲ್ಲಿ ಅವರು ಹೋದದ್ದು ಒಂದೇ ಸಲ. ಕಿಟಕಿ ಮುಚ್ಚಿ ತಣ್ಣನೆ ಗಾಳಿ ಬಿಟ್ಟುಕೊಂಡು ಹೊರಟೆವು. ಕಾಡಿನ ತಿರುವುಗಳು ಶುರುವಾಗುತ್ತಿದ್ದಂತೆ ಅತ್ತೆ ಬೆಳಗಿನ ಉಪ್ಪಿಟ್ಟನ್ನೆಲ್ಲ ಹೊಸ ಸೀಟಿಗೆ ಅರ್ಪಿಸಿದರು. ಮಗನ ಮುಖ ನೋಡಿ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ, "ಇದ್ಕೆ ಸರ್ಯಾಗೇ ಎಸ್ರಿಟ್ಟವ್ರೆ ಬುಡ್ಲಾ, ಕಾರು ಅಂತವ. ಕೂತೋರ್ನೆಲ್ಲ ಕಾರಿಸ್ತದೆ" ಎಂದರು.

ಇವರು ನಗಲಿಲ್ಲ. ಮುಂದಿನ ಸಲ ಕಿಟಕಿ ತೆಗೆದು ನಿಧಾನವಾಗಿ ಹೋಗೋಣ ಎಂದರು. ಆ ಮುಂದಿನ ಸಲ ಬರಲೇ ಇಲ್ಲ. ಕಾರಿಗೆ ಕೆಲಸ ಒಂದೇ, ಎರಡೇ? ಬೀದಿ ತುದಿಯ ಅಂಗಡಿಯಿಂದ ಕರಿಬೇವು ತರಬೇಕು. ತೋಟಕ್ಕೆ ಹೋಗಿ ಕೋಸು ಎಷ್ಟು ಬೆಳೆದಿದೆಯೆಂದು ಒಳಗೆ ಕೂತೇ ನೋಡಿ ಬರಬೇಕು. ತಾಳವಾಡಿಯಲ್ಲಿ ಕ್ಷೌರ ಮಾಡಿಸಿಕೊಳ್ಳಬೇಕು. ಅತ್ತೆ ಬಸ್ಸಿಗೆ ಹೋಗುತ್ತೇನೆಂದರೆ ಮಾತ್ರ ಇವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಮನೆ ಮುಂದೆ ಕಾರು ನಿಲ್ಲಿಸ್ಕೊಂಡು ನೀನು ಬಸ್ಸಲ್ಲಿ ಜೋತಾಡ್ಕೊಂಡೋದ್ರೆ ನೋಡ್ದೋರು ಏನಂದಾರು? ಭಾನ್ವಾರ ನಾನೇ ಕರ್ಕೊಂಡೋಯ್ತೀನಿ, ಸುಮ್ಕಿರವ್ವ." ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರ ಮಾತ್ರ ಅಚ್ಚಾಗಿರಲಿಲ್ಲ.

ಒಂದು ಸಂಜೆ ಟೀವಿಯಲ್ಲಿ ದೊಡ್ಡ ಪಟ್ಟಣಗಳ ಸುದ್ದಿ ಬರುತ್ತಿತ್ತು. ರಸ್ತೆ ತುಂಬ ಕಾರು. ಕಾರು ಬಿಟ್ಟು ಬಸ್ಸು, ಸೈಕಲ್ಲು ಹಿಡಿಯಿರಿ, ಒಬ್ಬೊಬ್ಬರಿಗೆ ಒಂದೊಂದು ಗಾಡಿ ಯಾಕೆ ಎಂದು ಯಾರೋ ತಿಳಿದವರು ಕೈಮುಗಿದು ಕೇಳುತ್ತಿದ್ದರು. ಇವರು ತಲೆದೂಗಿ, "ಸರ್ಯಾಗೇಳ್ದ ನೋಡು. ಪಟ್ಣದೋರ್ಗೆ ಬುದ್ಧಿ ಇಲ್ಲ" ಎಂದವರೇ ಎದ್ದು ಬೀಗದ ಕೈ ಹುಡುಕಿದರು. ಎಲ್ಲಿಗೆ ಎಂದೆ. ಮೊಸರು ತರಲು, ನಮ್ಮ ಬೀದಿಯಲ್ಲೇ.

ಆಮೇಲೆ ಹಾಸನೂರಿನಿಂದ ಫೋನು ಬಂತು. ಚಿಕ್ಕತ್ತೆಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆಯಂತೆ. ಒಂದು ಕಣ್ಣು ಆಗಲೇ ಮಂಜು, ಇನ್ನೊಂದರಲ್ಲಿ ಒಂದು ಪಕ್ಕಕ್ಕೆ ಮಾತ್ರ ಕಾಣುತ್ತದಂತೆ. ಅದೂ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಅತ್ತೆ ಆ ದಿನ ಉಣ್ಣಲಿಲ್ಲ. ನನ್ನ ಹತ್ತಿರ ಬಂದು ಕೂತು, "ಅವಳ ಕಣ್ಣು ಪೂರ್ತಿ ಓಗದ್ರೊಳ್ಗೆ ಒಂದ್ಸಲ ನನ್ ಮೊಕ ತೋರಿಸ್ಬುಟ್ ಬರ್ಬೇಕು ಕನ್ ಮಗ. ಆಮೇಲೆ ಓದ್ರೆ ಬರೀ ಮಾತಾಯ್ತದೆ" ಎಂದರು. ಮಗನಿಗೂ ಹೇಳಿದರು. ಮಗ ಭಾನುವಾರ ಎಂದರು.

ಎರಡು ಭಾನುವಾರ ಕಳೆದವು. ಒಂದಕ್ಕೆ ನಂಟರ ಮದುವೆ, ಇನ್ನೊಂದಕ್ಕೆ ಕಾರಿನ ಸರ್ವೀಸು. ಮಾರನೆಯ ಬೆಳಿಗ್ಗೆ ಅತ್ತೆ, "ತಾಳವಾಡಿಗೋಗಿ ಎಲಡ್ಕೆ ತಕ್ಕಂಡ್ ಬತ್ತೀನಿ" ಎಂದು ಹೊರಟರು. ಎಲೆ ಅಡಿಕೆಗೆ ಹೋಗುವವರು ದೊಡ್ಡ ಅಂಚಿನ ಸೀರೆ ಉಟ್ಟಿದ್ದರು, ಕಂಕುಳಲ್ಲಿ ಹುರಿದ ಕಡಲೆಕಾಯಿಯ ಗಂಟಿತ್ತು. ಮೊಬೈಲು ಮಾತ್ರ ದೇವರ ಗೂಡಿನಲ್ಲೇ ಉಳಿದಿತ್ತು. ನಾನು ಏನೂ ಕೇಳದೆ ಒಂದು ಶಾಲು ತಂದುಕೊಟ್ಟೆ. ಹಾಸನೂರಿನಲ್ಲಿ ಚಳಿ ಜಾಸ್ತಿ.

ಹೊತ್ತೇರಿದ ಮೇಲೆ ಅಂಗಳದಲ್ಲಿ ಬೆಳ್ಳುಳ್ಳಿ ಹರವುತ್ತಿದ್ದ ಇವರಿಗೆ ತಾಳವಾಡಿಯಿಂದ ದೊಡ್ಡಪ್ಪನ ಮಗ ಫೋನು ಮಾಡಿದ. ಅವನದು ಬಸ್ ಸ್ಟ್ಯಾಂಡಿನ ಎದುರು ಬಟ್ಟೆ ಅಂಗಡಿ. ಸ್ಪೀಕರಿನಲ್ಲಿ ಅರ್ಧ ಗಾಳಿ, ಅರ್ಧ ಅವನ ದನಿ: "ನಿಮ್ಮವ್ವ ಅತ್ಬುಟ್ರು ಕಣಣ್ಣಾ! ಇಲ್ಲೇ, ಬಸ್ಟ್ಯಾಂಡಲ್ಲಿ, ಈಗಿನ್ನೂ!" ಅಷ್ಟಕ್ಕೇ ಸಿಗ್ನಲ್ಲು ಹೋಯಿತು.

ನಮ್ಮ ಕಡೆಯ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಬಸ್ಸು ಹತ್ತಿಬಿಟ್ಟವರೂ ಅತ್ಬುಟ್ರು, ಕಣ್ಣೀರು ಹಾಕಿದವರೂ ಅತ್ಬುಟ್ರು. ಯಾವುದು ಯಾವುದೆಂದು ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ, ಯಾರೂ ಎಡವುವುದಿಲ್ಲ. ಇವರು ಎಡವಿದರು. ಕಾರಿರುವ ಮನೆಯ ಹೆಂಗಸು ಬಸ್ಸು ಹತ್ತುತ್ತಾಳೆಂದು ಇವರ ತಲೆಗೆ ಹೊಳೆಯಲೇ ಇಲ್ಲ. ಅಳುತ್ತಾಳೆಂದರೆ ತಕ್ಷಣ ನಂಬಿದರು.

"ಅವ್ವ ಬಸ್ಟ್ಯಾಂಡಲ್ಲಿ ನಿಂತ್ಕಂಡು ಅಳ್ತಾವ್ಳಂತೆ! ನೀನೇನಾದ್ರೂ ಅಂದ್ಯಾ?" ಎಂದು ನನ್ನ ಮೇಲೆ ಹರಿಹಾಯ್ದರು. ನನಗೆ ವಿಷಯ ತಿಳಿದಿತ್ತು. ಹೇಳಬಹುದಿತ್ತು. ಇಷ್ಟು ದಿನ ಬೀದಿ ಸುತ್ತುತ್ತಿದ್ದ ಕಾರು ಹಾಗಾದರೂ ಹಾಸನೂರ ಕಡೆ ಮುಖ ಮಾಡಲಿ ಎಂದು ಬಾಯಿಗೆ ಬೀಗ ಹಾಕಿಕೊಂಡು ಹತ್ತಿ ಕೂತೆ.

ತಾಳವಾಡಿಯ ಪೇಟೆಬೀದಿ ಕಾರುಗಳಿಂದ ಗಿಜಿಗುಟ್ಟುತ್ತಿತ್ತು. ಇವರು ಹಾರನ್ ಬಾರಿಸಿ ಬಾರಿಸಿ, ಕಿಟಕಿಯಿಂದ ತಲೆ ಹೊರಹಾಕಿ, "ಯಾವನ್ಲಾ ಅವ್ನು, ನಡುಬೀದೀಲಿ ನಿಲ್ಲಿಸ್ಕೊಂಡಿರೋನು?" ಎಂದು ಕೂಗಿದರು. ಮುಂದಿನ ಕಾರಿನಿಂದ ಹೊರಬಂದ ತಲೆ ಇವರ ಸೋದರಮಾವನದು. ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ. ಅವರ ಮುಂದಿನದು ನಮ್ಮೂರಿನವರದೇ, ಅದರ ಮುಂದಿನದೂ ಅಷ್ಟೇ. ಎಲ್ಲರೂ ನಡೆದು ಬಂದಿದ್ದರೆ ಮಾತಾಡಿಕೊಂಡು ಎಂದೋ ಮನೆ ಸೇರುತ್ತಿದ್ದರು. ಬಸ್ ಸ್ಟ್ಯಾಂಡಿನ ಹೂವಿನಾಕೆ, "ನಿಮ್ಮವ್ವಾರಾ? ಸತ್ಯಮಂಗಲದ ಬಸ್ಸಲ್ಲೋದ್ರಲ್ಲ" ಎಂದಳು. ಇವರ ಮುಖ ಕಪ್ಪಿಟ್ಟಿತೇ ಹೊರತು ಫೋನಿನಲ್ಲಿ ಕೇಳಿದ್ದೂ ಇದನ್ನೇ ಎಂದು ಹೊಳೆಯಲಿಲ್ಲ. ಅತ್ತುಕೊಂಡು ತಂಗಿಯ ಮನೆ ಸೇರಿದ್ದಾಳೆ, ಮಾನ ಹೋಯಿತು ಎಂದು ಕಾಡಿನುದ್ದಕ್ಕೂ ಗೊಣಗಿದರು.

ಹಾಸನೂರಿನ ಜಗಲಿಯ ಮೇಲೆ ಅಕ್ಕತಂಗಿಯರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಇವರು ಕಾರಿನ ಬಾಗಿಲು ಕೂಡ ಮುಚ್ಚದೆ ಓಡಿಹೋಗಿ, "ಯಾಕವ್ವಾ ಅತ್ಬುಟ್ಟೆ?" ಎಂದರು.

"ಅತ್ಬುಟ್ಟೆ ಕಣ್ಲಾ, ಏನೀಗ?"

"ಅಲ್ಲವ್ವ, ಅಷ್ಟು ಜನದ ಮುಂದೆ..."

"ಜನ ಇಲ್ದಾಗ ಅತ್ತಕ್ಕೆ ಅದೇನ್ ನಿನ್ ಕಾರಾ? ಬಸ್ಸು ಬಂತು, ಅತ್ಬುಟ್ಟೆ. ನಿನ್ನ ಕೇಳ್ಬುಟ್ ಅತ್ಬೇಕಿತ್ತಾ?"

ಇವರಿಗೆ ಆಗ ಗೊತ್ತಾಯಿತು. ನಾನು ಕಂಬದ ಹಿಂದೆ ಹೋಗಿ ನಕ್ಕೆ.

ಚಿಕ್ಕತ್ತೆಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ. ಅಕ್ಕನ ಗದ್ದ ಹಿಡಿದು ಬಿಸಿಲಿನ ಕಡೆ ತಿರುಗಿಸಿ, ತಮ್ಮ ತಲೆಯನ್ನು ಓರೆ ಮಾಡಿ, ಕಾಣುವ ಪಕ್ಕದಿಂದ ಬಹಳ ಹೊತ್ತು ನೋಡಿದರು. "ಎಷ್ಟ್ ಮುದ್ಕಿಯಾಗ್ಬುಟ್ಟಿದ್ದೀಯೆ ಅಕ್ಕ!"

"ಕಣ್ ಕಾಣದಿಲ್ಲ ಅಂದ್ರು. ಇದ್ ಮಾತ್ರ ಚೆನ್ನಾಗ್ ಕಾಣ್ತದಾ ನಿಂಗೆ?" ಎಂದು ಅತ್ತೆ ನಕ್ಕರು. ಅವರು ಬಂದದ್ದು ಆ ಒಂದು ಮಾತು ಕೇಳಲಿಕ್ಕೇ.

ಚಿಕ್ಕತ್ತೆ ಕೈಚಾಚಿ ಇವರನ್ನು ಹತ್ತಿರ ಕೂರಿಸಿಕೊಂಡರು. ತಲೆ ಸವರಿ, ಕಳ್ಳಕಪಟ ಏನೂ ಇಲ್ಲದ ದನಿಯಲ್ಲಿ ಹೇಳಿದರು: "ನಿಮ್ಮನೇಗೆ ಕಾರು ಬಂತು ಅಂದಾಗ ನಾನೆಷ್ಟ್ ಕುಸಿಪಟ್ಟೆ ಗೊತ್ತಾ ಮಗ? ಇನ್ಮೇಲೆ ಅಕ್ಕ ವಾರ ವಾರ ಬತ್ತಾಳೆ, ಕಣ್ತುಂಬ ನೋಡ್ಬೋದು ಅಂದ್ಕಂಡಿದ್ದೆ."

ಕಾರು ನೆರಳಿಗೆ ಹಾಕುತ್ತೇನೆಂದು ಎದ್ದು ಹೋದ ಇವರು ಸ್ಟಾರ್ಟು ಮಾಡದೆ ಅದರೊಳಗೇ ಕೂತಿದ್ದರು. ಊಟಕ್ಕೆ ನಾನೇ ಹೋಗಿ ಕರೆಯಬೇಕಾಯಿತು.

ಸಂಜೆ ಅತ್ತೆ, "ನೀವಿಬ್ರೂ ಕಾರಲ್ಲಿ ಬನ್ನಿ, ನಾನು ಬಸ್ಸಿಗೆ ಬತ್ತೀನಿ" ಎಂದರು. ಇವರು ಜನ ಏನಂದಾರು ಎನ್ನಲಿಲ್ಲ. ತಾಯಿಯ ಚೀಲ ಹೆಗಲಿಗೆ ಹಾಕಿಕೊಂಡು ಮುಂದೆ ಹೋದರು. ತಾಳವಾಡಿಯ ಬಸ್ಸು ತಿರುವಿನಲ್ಲಿ ಕಂಡದ್ದೇ ತಡ ರಸ್ತೆಗೆ ಇಳಿದು, ಎರಡೂ ಕೈ ಅಗಲಿಸಿ ಅದನ್ನು ನಿಲ್ಲಿಸಿದರು.