ಎದೆಯೊಳಗಿನ ಒದೆತ

ಸವಳಂಗದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಮದುವೆಯಾಗಿ ಬಂದ ವರ್ಷದಿಂದ ಅದನ್ನು ನಡೆಸಿದವಳು ನಿಜವಾಗಿ ನನ್ನ ಹೆಂಡತಿಯೇ. ಯಾರ ಡಬ್ಬದಲ್ಲಿ ರಾಗಿ, ಯಾರದರಲ್ಲಿ ಜೋಳ, ಯಾರಿಗೆ ನುಣ್ಣಗೆ ಬೇಕು, ಯಾರಿಗೆ ತರಿ ಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬೆಲ್ಟು ಬಿಗಿ ಮಾಡುವುದು, ಸವೆದ ಕಲ್ಲಿಗೆ ಉಳಿಯಿಂದ ಮತ್ತೆ ಗೀರು ಹಾಕುವುದು, ಇಷ್ಟೇ ನನ್ನ ಕೆಲಸ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಜೋಳ ಸುರಿಯುತ್ತಿದ್ದವಳು ಡಬ್ಬದ ಸಮೇತ ಕುಸಿದು ಬಿದ್ದಳು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟು, "ಮೊದ್ಲು ಮೋಟ್ರು ಆಫ್ ಮಾಡ್ರಿ, ಬರೀ ಕಲ್ಲು ತಿರುಗ್ತಾ ಐತೆ" ಎಂದಳು. ನ್ಯಾಮತಿಯ ಡಾಕ್ಟರು ಇಸಿಜಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು, ಶಿವಮೊಗ್ಗದವರು ಬೆಂಗಳೂರಿಗೆ.

ಹೃದಯದ ಮಾಂಸ ಸೋತಿದೆ, ಬಡಿತ ಇದ್ದಕ್ಕಿದ್ದಂತೆ ಲಯ ತಪ್ಪುತ್ತದೆ, ಹಾಗೆಯೇ ನಿಂತುಹೋಗಲೂಬಹುದು ಎಂದರು ಅಲ್ಲಿ. ಎದೆಯ ಎಡಗಡೆ, ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಒಂದು ಪುಟ್ಟ ಯಂತ್ರ ಕೂರಿಸಿದರು. ಬಡಿತ ಕೆಟ್ಟರೆ ಅದೇ ಒಳಗಿಂದ ಶಾಕ್ ಕೊಟ್ಟು ಸರಿಮಾಡುತ್ತದಂತೆ. ಮೋಟಾರಿನ ಹತ್ತಿರ ಸುಳಿಯಬಾರದು ಎಂದೂ ಹೇಳಿದರು. ಅಲ್ಲಿಗೆ ಗಿರಣಿ ಅವಳ ಪಾಲಿಗೆ ಮುಗಿಯಿತು.

ಎಂಟು ತಿಂಗಳು ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ಕಿರುಚಿದಳು. ಓಡಿಹೋಗಿ ಬೆನ್ನಿಗೆ ಕೈ ಇಟ್ಟೆ. ಅಷ್ಟರಲ್ಲಿ ಎರಡನೆಯ ಶಾಕ್ ಬಂತು. ಅವಳ ಮೈ ಕೂತಲ್ಲೇ ಎಗರಿತು. ನಾನು ಹೆದರಿ ಕೈ ಹಿಂದಕ್ಕೆ ತೆಗೆದೆ. ಅವಳು ಅದನ್ನು ನೋಡಿದಳು. ಮೂರನೆಯದು ಬಂದಾಗ ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ.

"ಎತ್ತು ಎದೀಗೆ ಒದ್ದಂಗಾತು," ಎಂದಳು ಆಮೇಲೆ. ನನ್ನ ಕೈಯ ವಿಷಯ ಎತ್ತಲಿಲ್ಲ. ಶಾಕ್ ಬಂದಾಗ ಮುಟ್ಟಿದರೂ ಮುಟ್ಟಿದವರಿಗೆ ಏನೂ ಆಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ನನಗೂ ಅದು ಗೊತ್ತಿತ್ತು.

ಮತ್ತೆ ಬೆಂಗಳೂರಿಗೆ ಹೋದೆವು. ಎದೆಯ ಮೇಲೆ ಬಿಲ್ಲೆಯಂಥದ್ದೊಂದನ್ನು ಇಟ್ಟು, ಯಂತ್ರದಲ್ಲಿ ದಾಖಲಾಗಿದ್ದನ್ನೆಲ್ಲ ಓದಿಕೊಂಡು ಡಾಕ್ಟರಮ್ಮ ಹೇಳಿದರು: "ಮೂರು ಸಲಾನೂ ಸರಿಯಾಗೇ ಕೆಲಸ ಮಾಡಿದೆಯಮ್ಮ. ಇದಿಲ್ಲದಿದ್ದರೆ ನೀವು ಉಳೀತಾ ಇರಲಿಲ್ಲ."

"ಗೊತ್ತೈತ್ರೀ. ಇದನ್ನ ಆಫ್ ಮಾಡಾಕೆ ಬರ್ತದೇನ್ರಿ?"

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತರು. "ಬರುತ್ತೆ. ಆದರೆ ಇನ್ನೊಂದು ದಾರಿ ಇದೆ, ಅದನ್ನು ನೋಡೋಣ."

ತೊಡೆಯ ಸಂದಿಯಿಂದ ತಂತಿ ತೂರಿಸಿ, ಹೃದಯದಲ್ಲಿ ಬಡಿತ ಕೆಡಿಸುವ ಜಾಗವನ್ನು ಸುಡುವ ಚಿಕಿತ್ಸೆ ಅದು. ಐದು ತಾಸು ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹೊರಗೆ ಬಂದ ಡಾಕ್ಟರಮ್ಮ ನನ್ನ ಮುಖ ನೋಡದೆ, "ಕೈಗೆ ಸಿಕ್ಕಿದ್ದನ್ನು ಸುಟ್ಟಿದ್ದೀವಿ. ಇನ್ನೂ ಕೆಲವು ತುಂಬಾ ಆಳದಲ್ಲಿವೆ," ಎಂದರು.

ಆಮೇಲೆ ಮಾತ್ರೆಗಳು ಹೆಚ್ಚಾದವು. ಆದರೂ ಎರಡು ಸಲ ಶಾಕ್ ಬಂತು, ಒಮ್ಮೆ ಬಚ್ಚಲಲ್ಲಿ, ಒಮ್ಮೆ ನಗುತ್ತಿದ್ದಾಗ. ಪಕ್ಕದ ಮನೆಯಾಕೆ ಏನೋ ತಮಾಷೆ ಹೇಳಿದ್ದಳು. ಅಂದಿನಿಂದ ನನ್ನ ಹೆಂಡತಿ ನಗುವುದನ್ನೂ ಬಿಟ್ಟಳು. "ನಗಾಕೂ ಹೆದರಿಕಿ ಆಗ್ತೈತ್ರೀ," ಎಂದಳು ನನ್ನ ಹತ್ತಿರ. ನಗುವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಹೋದೆ. ಹೇಳಲು ನಾನು ಯಾರು?

ಅವಳು ಬಂದ ಕೊನೆಯ ತಪಾಸಣೆಯಲ್ಲಿ ಹೃದಯ ಇನ್ನಷ್ಟು ಸೋತಿದೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಮುಂದಿನ ಸಲ ನೀವೊಬ್ರೇ ಹೋಗಿ ಮಾತ್ರೆ ತರ್ರಿ. ನಾ ಬರಲ್ಲ."

ಒತ್ತಾಯ ಮಾಡಬೇಕಿತ್ತು. ಮಾಡಲಿಲ್ಲ. ನನಗೂ ಸಾಕಾಗಿತ್ತು ಎಂಬುದನ್ನು ಇಲ್ಲಿ ಬರೆಯದೆ ಬೇರೆಲ್ಲಿ ಬರೆಯಲಿ?

ಈಗ ಒಬ್ಬನೇ ಹೋಗುತ್ತೇನೆ. "ಅವರು ಬರಲಿಲ್ವಾ?" ಎಂದು ಡಾಕ್ಟರಮ್ಮ ಕೇಳುತ್ತಾರೆ. ಅಷ್ಟು ದೂರ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ ಎನ್ನುತ್ತೇನೆ. ಅವರು ತಲೆಯಾಡಿಸಿ ಚೀಟಿ ಬರೆಯುತ್ತಾರೆ.